ಶಬ್ದದ ಗಟ್ಟಿತನ

ಕಿವಿಗೆ ಬಿದ್ದ ಸದ್ದು ಜೋರಾಗಿದೆ ಅಥವಾ ಮೆಲ್ಲಗಿದೆ ಎಂದು ಕೇಳುಗನಿಗೆ ತೋರುವ ಗುಣವೇ ಶಬ್ದದ ಗಟ್ಟಿತನ. ಇದನ್ನು ಪ್ರಬಲತೆ ಎಂದೂ ಕರೆಯುವುದುಂಟು. ಶ್ರುತಿ ಮತ್ತು ನಾದಗುಣಗಳಂತೆ ಇದೂ ಒಂದು ಸದ್ದನ್ನು ಇನ್ನೊಂದರಿಂದ ಬೇರ್ಪಡಿಸುವ ಮುಖ್ಯ ಲಕ್ಷಣ. ಮೂಲ ಎಷ್ಟು ಬಲವಾಗಿ ಕಂಪಿಸುತ್ತದೆ, ಆ ಕಂಪನ ಎಷ್ಟು ಗಾಳಿಯನ್ನು ಅಲುಗಿಸುತ್ತದೆ, ಅಲ್ಲಿಂದ ಹೊರಟ ತರಂಗ ಎಷ್ಟು ದೂರ ಯಾವ ಹಾದಿಯಲ್ಲಿ ಬರುತ್ತದೆ, ಕೊನೆಗೆ ಕಿವಿ ಅದನ್ನು ಹೇಗೆ ಗ್ರಹಿಸುತ್ತದೆ ಎಂಬ ನಾಲ್ಕು ಸಂಗತಿಗಳು ಸೇರಿ ಗಟ್ಟಿತನವನ್ನು ನಿರ್ಧರಿಸುತ್ತವೆ. ಮೊದಲ ಮೂರನ್ನು ಉಪಕರಣಗಳಿಂದ ಅಳೆಯಬಹುದು. ನಾಲ್ಕನೆಯದು ಅನುಭವ, ಅದನ್ನು ಕೇಳುಗರಿಂದಲೇ ತಿಳಿಯಬೇಕು. ಅಳತೆಗೆ ಸಿಗುವ ಶಕ್ತಿ ಹತ್ತು ಪಟ್ಟು ಏರಿದಾಗ ಅನುಭವಕ್ಕೆ ಬರುವ ಗಟ್ಟಿತನ ಸುಮಾರು ಎರಡು ಪಟ್ಟು ಮಾತ್ರ ಏರುತ್ತದೆ. ಶಕ್ತಿಗೂ ಅನುಭವಕ್ಕೂ ನಡುವಿನ ಈ ಅಂತರ ವಾದ್ಯಗಳ ರಚನೆಯಿಂದ ಹಿಡಿದು ಶ್ರವಣ ಆರೋಗ್ಯದವರೆಗೆ ಎಲ್ಲೆಡೆ ಎದುರಾಗುತ್ತದೆ.

ಕಂಪನ ಮತ್ತು ಪಾರ

ಕಂಪಿಸುವ ವಸ್ತು ತನ್ನ ಪಕ್ಕದ ಗಾಳಿಯನ್ನು ಒಮ್ಮೆ ಒತ್ತುತ್ತದೆ, ಮರುಕ್ಷಣ ಸಡಿಲಿಸುತ್ತದೆ. ಒತ್ತಿದಾಗ ಅಲ್ಲಿ ಗಾಳಿ ದಟ್ಟವಾಗುತ್ತದೆ, ಸಡಿಲಿಸಿದಾಗ ವಿರಳವಾಗುತ್ತದೆ. ಈ ದಟ್ಟ ಮತ್ತು ವಿರಳ ವಲಯಗಳು ಒಂದರ ಹಿಂದೆ ಒಂದು ಸಾಗುವುದೇ ಶಬ್ದತರಂಗ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಜೋರಾದ ಸದ್ದೂ ಮೆಲುದನಿಯೂ ಒಂದೇ ವೇಗದಲ್ಲಿ ಹೋಗುತ್ತವೆ; ಅವುಗಳಲ್ಲಿ ಬೇರೆಯಾಗುವುದು ಒತ್ತಡದ ಏರಿಳಿತದ ಪ್ರಮಾಣ.

ಕಂಪಿಸುವ ವಸ್ತು ತನ್ನ ನೆಲೆಯಿಂದ ಅತ್ತ ಅಥವಾ ಇತ್ತ ಸರಿಯುವ ಗರಿಷ್ಠ ದೂರವನ್ನು ಕಂಪನದ ಪಾರ ಎನ್ನುತ್ತಾರೆ. ತಂತಿಯನ್ನು ಮೆಲ್ಲಗೆ ಮೀಟಿದರೆ ಪಾರ ಕಿರಿದು, ಬಲವಾಗಿ ಮೀಟಿದರೆ ಹಿರಿದು. ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಆವೃತ್ತಿ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದಲೇ ಸ್ವರ ಬದಲಾಗದೆ ಸದ್ದು ಮಾತ್ರ ಏರುತ್ತದೆ. ಆವೃತ್ತಿ ಶ್ರುತಿಯನ್ನು ತೀರ್ಮಾನಿಸಿದರೆ ಪಾರ ಗಟ್ಟಿತನದ ಮೊದಲ ಆಧಾರವಾಗುತ್ತದೆ.

ಈ ಏರಿಳಿತಗಳು ಎಷ್ಟು ಸೂಕ್ಷ್ಮವೆಂಬುದು ಅಂಕಿಗಳಿಂದ ತಿಳಿಯುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1,01,325 ಪ್ಯಾಸ್ಕಲ್. ಒಂದು ಮೀಟರ್ ದೂರದಲ್ಲಿ ಕುಳಿತವರ ಸಾಮಾನ್ಯ ಮಾತು ಈ ಒತ್ತಡವನ್ನು ಕೇವಲ 0.02 ಪ್ಯಾಸ್ಕಲ್‌ನಷ್ಟು, ಅಂದರೆ 50 ಲಕ್ಷದಲ್ಲಿ ಒಂದು ಪಾಲಿನಷ್ಟು ಏರಿಳಿಸುತ್ತದೆ. ಎಳೆಯ, ಆರೋಗ್ಯವಂತ ಕಿವಿ 1,000 ಹರ್ಟ್ಸ್ ಆವೃತ್ತಿಯಲ್ಲಿ 0.00002 ಪ್ಯಾಸ್ಕಲ್‌ನ ಏರಿಳಿತವನ್ನೂ ಗುರುತಿಸಬಲ್ಲದು. ಆಗ ಗಾಳಿಯ ಕಣಗಳು ಅಲುಗುವ ದೂರ ಒಂದು ಪರಮಾಣುವಿನ ವ್ಯಾಸಕ್ಕಿಂತಲೂ ಕಡಿಮೆ. ಇನ್ನೊಂದು ತುದಿಯಲ್ಲಿ, ಕಿವಿಯಲ್ಲಿ ನೋವು ಹುಟ್ಟಿಸುವಷ್ಟು ಜೋರಾದ ಸದ್ದಿನ ಒತ್ತಡ 20 ಪ್ಯಾಸ್ಕಲ್ ಇಲ್ಲವೇ ಅದಕ್ಕಿಂತ ಹೆಚ್ಚು.

ಒತ್ತಡವನ್ನು ಸಾಗಿಸುವ ಮಾಧ್ಯಮ ತೆಳುವಾದಷ್ಟೂ ಸದ್ದು ಕುಗ್ಗುತ್ತದೆ. ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗೆ ದಾರದಿಂದ ಗಡಿಯಾರವನ್ನು ತೂಗುಬಿಟ್ಟು, ಪಂಪಿನಿಂದ ಗಾಳಿಯನ್ನು ಹೊರತೆಗೆದ ಪ್ರಯೋಗವನ್ನು 1660ರಲ್ಲಿ ಪ್ರಕಟಿಸಿದ. ಗಾಳಿ ಕಡಿಮೆಯಾದಂತೆ ಗಡಿಯಾರದ ಸದ್ದು ಅಡಗಿತು. ಗಾಳಿಯನ್ನು ಒಳಬಿಟ್ಟಾಗ ಮರಳಿ ಕೇಳಿಸಿತು. ಗಡಿಯಾರ ಇಡೀ ಹೊತ್ತು ನಡೆಯುತ್ತಲೇ ಇತ್ತು. ಕಂಪನವೊಂದೇ ಸಾಲದು, ಅದನ್ನು ಹೊತ್ತೊಯ್ಯುವ ವಸ್ತುವೂ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ತೀವ್ರತೆ ಮತ್ತು ಡೆಸಿಬೆಲ್

ಒಂದು ಚದರ ಮೀಟರ್ ವಿಸ್ತೀರ್ಣದ ಮೂಲಕ ಪ್ರತಿ ಸೆಕೆಂಡಿಗೆ ಹಾದುಹೋಗುವ ಶಬ್ದಶಕ್ತಿಯೇ ತೀವ್ರತೆ. ಇದನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತಾರೆ. ತೀವ್ರತೆ ಪಾರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಪಾರ ಎರಡು ಪಟ್ಟಾದರೆ ತೀವ್ರತೆ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಕಿವಿಗೆ ಕೇಳುವ ಅತಿ ಮೆಲ್ಲನೆಯ ಸದ್ದಿನ ತೀವ್ರತೆ ಒಂದು ವ್ಯಾಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ನೋವಿನ ಅಂಚಿನಲ್ಲಿ ಅದು ಒಂದು ವ್ಯಾಟ್. ಇಷ್ಟು ವಿಸ್ತಾರವಾದ ಹರವನ್ನು ಸಾಮಾನ್ಯ ಅಂಕಿಗಳಲ್ಲಿ ಬರೆಯುವುದು ತೊಡಕಿನ ಕೆಲಸ.

ಈ ತೊಡಕನ್ನು ನೀಗುವ ಮಾನ ಡೆಸಿಬೆಲ್. ದೂರವಾಣಿ ತಂತಿಗಳಲ್ಲಿ ಸಂಕೇತ ಎಷ್ಟು ಕ್ಷೀಣಿಸುತ್ತದೆಂದು ಅಳೆಯಲು ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು 1920ರ ದಶಕದಲ್ಲಿ ಇದನ್ನು ರೂಪಿಸಿ, ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಹೆಸರಿಟ್ಟರು. ಇದು ಲಾಗರಿದಮ್ ಆಧಾರಿತ ಮಾನ. ಕೇಳುವಿಕೆಯ ಕೆಳಮಿತಿಯನ್ನು ಸೊನ್ನೆ ಎಂದು ಹಿಡಿದು, ತೀವ್ರತೆ ಪ್ರತಿ ಸಲ ಹತ್ತು ಪಟ್ಟಾದಾಗ 10 ಡೆಸಿಬೆಲ್ ಕೂಡಿಸುತ್ತಾರೆ. ಹೀಗೆ ಲಕ್ಷ ಕೋಟಿ ಪಟ್ಟಿನ ಹರವು 0ಯಿಂದ 120ರೊಳಗೆ ಅಡಕವಾಗುತ್ತದೆ. ಪಿಸುಮಾತು 30 ಡೆಸಿಬೆಲ್‌ನ ಆಸುಪಾಸು, ಎದುರುಬದುರು ಕುಳಿತವರ ಮಾತು 60, ವಾಹನ ತುಂಬಿದ ರಸ್ತೆಯ ಬದಿ 80ರ ಆಸುಪಾಸು. ಸೊನ್ನೆ ಡೆಸಿಬೆಲ್ ಎಂದರೆ ಸದ್ದೇ ಇಲ್ಲವೆಂದಲ್ಲ. ವಿಶೇಷವಾಗಿ ಕಟ್ಟಿದ ನಿಶ್ಶಬ್ದ ಕೊಠಡಿಗಳಲ್ಲಿ ಅಳತೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ.

ಡೆಸಿಬೆಲ್‌ಗಳನ್ನು ನೇರವಾಗಿ ಕೂಡುವಂತಿಲ್ಲ. ಡೊಳ್ಳುಕುಣಿತದ ತಂಡವನ್ನು ಉದಾಹರಣೆಯಾಗಿ ನೋಡಬಹುದು. ಒಂದು ಡೊಳ್ಳಿನಿಂದ ಒಂದು ನಿಗದಿತ ಜಾಗದಲ್ಲಿ 85 ಡೆಸಿಬೆಲ್ ಸದ್ದು ಬರುತ್ತದೆ ಎಂದಿಟ್ಟುಕೊಂಡರೆ, ಅಷ್ಟೇ ಬಲದ ಎರಡನೆಯ ಡೊಳ್ಳು ಸೇರಿದಾಗ ಅಳತೆ 170 ಆಗುವುದಿಲ್ಲ, 88 ಆಗುತ್ತದೆ. ಶಕ್ತಿ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಅಷ್ಟೆ. ಹತ್ತು ಡೊಳ್ಳು ಸೇರಿದಾಗ 95 ಮುಟ್ಟುತ್ತದೆ, ಕೇಳುಗನಿಗೆ ಒಂದು ಡೊಳ್ಳಿನ ಎರಡರಷ್ಟು ಗಟ್ಟಿ ಎನಿಸುತ್ತದೆ. ಆ ಗಟ್ಟಿತನವನ್ನು ಮತ್ತೆ ಇಮ್ಮಡಿಗೊಳಿಸಲು ನೂರು ಡೊಳ್ಳು ಬೇಕು. ಮೇಳದಲ್ಲಿ ಹತ್ತು ಜನರ ಪೈಕಿ ಒಬ್ಬ ಕೈಬಿಟ್ಟರೆ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗದಿರುವುದಕ್ಕೂ ಇದೇ ಕಾರಣ.

ಡೆಸಿಬೆಲ್ ಎಂಬುದು ಅನುಪಾತ. ಆದ್ದರಿಂದ ಯಾವುದಕ್ಕೆ ಹೋಲಿಸಿ ಅಳೆದಿದ್ದಾರೆಂಬುದೂ ಮುಖ್ಯ. ಗಾಳಿಯಲ್ಲಿ ಆಧಾರ ಒತ್ತಡ 20 ಮೈಕ್ರೋಪ್ಯಾಸ್ಕಲ್, ನೀರಿನಲ್ಲಿ 1 ಮೈಕ್ರೋಪ್ಯಾಸ್ಕಲ್. ತಿಮಿಂಗಿಲಗಳ ಸದ್ದಿಗೆ ಹೇಳುವ ಭಾರೀ ಅಂಕಿಗಳನ್ನು ನೆಲದ ಮೇಲಿನ ಸದ್ದಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡುವುದು ತಪ್ಪಾಗುತ್ತದೆ.

ಮೂಲದ ವಿಸ್ತಾರ

ಪಾರ ಹಿರಿದಾಗಿದ್ದ ಮಾತ್ರಕ್ಕೆ ಸದ್ದು ಜೋರಾಗುವುದಿಲ್ಲ. ಬರಿಯ ತಂತಿ ತುಂಬ ತೆಳು. ಅದು ಕಂಪಿಸುವಾಗ ಗಾಳಿ ಅದರ ಬದಿಯಿಂದ ನುಣುಚಿಕೊಳ್ಳುತ್ತದೆ. ಎರಡು ಮೊಳೆಗಳ ನಡುವೆ ಬಿಗಿದ ತಂತಿಯನ್ನು ಮೀಟಿದರೆ ಕೆಲವು ಅಡಿ ದೂರಕ್ಕೂ ಸರಿಯಾಗಿ ಕೇಳಿಸದು. ವೀಣೆಯಲ್ಲಿ ಅದೇ ತಂತಿಯ ಕಂಪನ ಕುದುರೆಯ ಮೂಲಕ ಕೊಡದ ಮೇಲಿನ ಹಲಗೆಗೆ ಇಳಿಯುತ್ತದೆ. ಹಲಗೆ ಅಲುಗುವ ದೂರ ತಂತಿಗಿಂತ ಬಹಳ ಕಡಿಮೆ. ಆದರೂ ಅದರ ಅಗಲ ದೊಡ್ಡದಾದ್ದರಿಂದ ಒಮ್ಮೆಗೇ ಹೆಚ್ಚು ಗಾಳಿಯನ್ನು ತಳ್ಳುತ್ತದೆ. ಕಂಪಿಸುವ ಶ್ರುತಿಕವೆಯ ಕಾಲನ್ನು ಮೇಜಿಗೆ ಊರಿದಾಗ ಸದ್ದು ಥಟ್ಟನೆ ಏರುವುದೂ ಹೀಗೆಯೇ. ಇಲ್ಲಿ ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ಇದ್ದ ಶಕ್ತಿ ಬೇಗ ಬೇಗ ಗಾಳಿಗೆ ಸೇರುತ್ತದೆ. ಹಾಗಾಗಿ ಮೇಜಿಗೆ ಊರಿದ ಕವೆ ಕೈಯಲ್ಲಿ ಹಿಡಿದ ಕವೆಗಿಂತ ಬೇಗ ಸುಮ್ಮನಾಗುತ್ತದೆ.

ತೆಳುವಾದ ಮೂಲಕ್ಕೆ ಇನ್ನೊಂದು ತೊಡಕಿದೆ. ಹಾಳೆಯಂಥ ವಸ್ತು ಕಂಪಿಸುವಾಗ ಅದರ ಮುಂದಿನ ಗಾಳಿ ದಟ್ಟವಾದ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಹಾಳೆ ಶಬ್ದದ ತರಂಗದೂರಕ್ಕಿಂತ ಬಹಳ ಚಿಕ್ಕದಾಗಿದ್ದರೆ ಮುಂದಿನ ಒತ್ತಡ ಅಂಚನ್ನು ಬಳಸಿ ಹಿಂದಕ್ಕೆ ಹರಿದು, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಂದ ಹೊರತೆಗೆದ ಧ್ವನಿವರ್ಧಕದಲ್ಲಿ ತಗ್ಗು ಸ್ವರಗಳು ಬಡವಾಗುವುದು ಈ ಕಾರಣದಿಂದ. ಅದನ್ನು ಪೆಟ್ಟಿಗೆಯಲ್ಲಿ ಕೂರಿಸುವುದು ಹಿಂದು ಮುಂದುಗಳನ್ನು ಬೇರ್ಪಡಿಸಲು.

ಈ ಉಪಾಯವನ್ನು ಒಂದು ಪುಟ್ಟ ಕೀಟವೂ ಬಳಸುತ್ತದೆ. ದಕ್ಷಿಣ ಭಾರತದ ಕುರುಚಲು ಬಯಲುಗಳಲ್ಲಿರುವ ಈಕ್ಯಾಂತಸ್ ಹೆನ್ರಿಯೈ ಎಂಬ ಮರಚಿಮ್ಮಂಡೆಯ ಗಂಡು, ರಾತ್ರಿ ರೆಕ್ಕೆಗಳನ್ನು ಉಜ್ಜಿ ಹೆಣ್ಣನ್ನು ಕರೆಯುತ್ತದೆ. ಅದರ ಕೂಗಿನ ತರಂಗದೂರ ಸುಮಾರು 10 ಸೆಂಟಿಮೀಟರ್. ರೆಕ್ಕೆಯ ಉದ್ದ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಆದ್ದರಿಂದ ಬಹುಪಾಲು ಶಕ್ತಿ ರೆಕ್ಕೆಯಂಚಿನಲ್ಲಿಯೇ ಸೋರಿಹೋಗುತ್ತದೆ. ಕೆಲವು ಗಂಡುಗಳು ಅಗಲವಾದ ಎಲೆಯೊಂದನ್ನು ಆರಿಸಿ, ಅದರ ನಡುವೆ ತಮ್ಮ ಮೈಗೆ ಹೊಂದುವ ತೂತನ್ನು ಕಡಿದು, ಆ ತೂತಿನಲ್ಲಿ ನಿಂತು ರೆಕ್ಕೆಗಳನ್ನು ಎಲೆಗೆ ಒತ್ತಿ ಹಾಡುತ್ತವೆ. ಎಲೆ ತಡೆಹಲಗೆಯಾಗಿ ಮುಂದಿನ ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುತ್ತದೆ, ಕೂಗು ದೂರಕ್ಕೆ ಮುಟ್ಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಉಪಾಯಕ್ಕೆ ಹೆಚ್ಚಾಗಿ ಮೊರೆಹೋಗುವುದು ಗಾತ್ರದಲ್ಲಿ ಚಿಕ್ಕ, ದನಿಯಲ್ಲಿ ಕ್ಷೀಣವಾದ ಗಂಡುಗಳು. ಎಲೆಯ ನೆರವಿನಿಂದ ಅವೂ ಜೋರಾಗಿ ಹಾಡುವ ಗಂಡುಗಳ ಸಾಲಿಗೆ ಸೇರುತ್ತವೆ.

ಅನುನಾದ

ಪ್ರತಿಯೊಂದು ವಸ್ತುವಿಗೂ, ಪಾತ್ರೆಯೊಳಗಿನ ಗಾಳಿಗೂ ಸಹಜವಾದ ಕಂಪನದ ಆವೃತ್ತಿಗಳಿರುತ್ತವೆ. ಹೊರಗಿನಿಂದ ಬರುವ ಕಂಪನ ಆ ಆವೃತ್ತಿಗೆ ಹೊಂದಿದರೆ ಪ್ರತಿ ಸಲದ ಸಣ್ಣ ತಳ್ಳುವಿಕೆಯೂ ಹಿಂದಿನದಕ್ಕೆ ಕೂಡಿ ಪಾರ ಬೆಳೆಯುತ್ತದೆ. ತೂಗುತ್ತಿರುವ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ನೂಕುತ್ತ ಹೋದರೆ ಅದು ಎತ್ತರಕ್ಕೆ ಜೀಕುವ ಹಾಗೆ. ಇದೇ ಅನುನಾದ. ಕೊಳಲಿನ ಗಾಳಿಕಂಬ, ತಂಬೂರಿಯ ಬುರುಡೆ, ಗಂಡು ಜೀರುಂಡೆಯ ಟೊಳ್ಳು ಹೊಟ್ಟೆ ಎಲ್ಲವೂ ಅನುನಾದದಿಂದ ಆಯ್ದ ಆವೃತ್ತಿಗಳನ್ನು ಬಲಪಡಿಸುತ್ತವೆ. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬೇರೆ ಗಾತ್ರದ ಟೊಳ್ಳು ಗೋಳಗಳನ್ನು ಮಾಡಿಸಿ, ಸಂಕೀರ್ಣ ನಾದದೊಳಗಿನ ಒಂದೊಂದೇ ಸ್ವರಾಂಶವನ್ನು ಅನುನಾದದಿಂದ ಹೆಕ್ಕಿ ಕೇಳಿದ; 1863ರಲ್ಲಿ ಪ್ರಕಟವಾದ ಅವನ ಗ್ರಂಥ ನಾದವಿಜ್ಞಾನಕ್ಕೆ ಅಡಿಪಾಯ ಹಾಕಿತು.

ಮನುಷ್ಯನ ಕಂಠವೂ ಇವೇ ನಿಯಮಗಳಿಗೆ ಒಳಪಟ್ಟಿದೆ. ಶ್ವಾಸಕೋಶದ ಒತ್ತಡ ಹೆಚ್ಚಿದಾಗ ಧ್ವನಿತಂತುಗಳು ಹೆಚ್ಚು ರಭಸದಿಂದ ಮುಚ್ಚಿಕೊಂಡು ದನಿ ಏರುತ್ತದೆ. ಗಂಟಲು ಮತ್ತು ಬಾಯಿಯ ಪೊಳ್ಳುಗಳು ಕೆಲವು ಆವೃತ್ತಿಗಳನ್ನು ಎತ್ತಿಹಿಡಿಯುತ್ತವೆ. ಪಶ್ಚಿಮದ ಒಪೆರಾ ಗಾಯಕರು ಗಂಟಲನ್ನು ಹದಗೊಳಿಸಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿಯನ್ನು ಕೂಡಿಸುತ್ತಾರೆ. ವಾದ್ಯವೃಂದದ ಸದ್ದು ಆ ಭಾಗದಲ್ಲಿ ಕ್ಷೀಣವಾಗಿರುವುದರಿಂದ ಮೈಕು ಇಲ್ಲದೆಯೂ ದನಿ ಸಭಾಂಗಣದ ಕೊನೆಯವರೆಗೆ ತಲುಪುತ್ತದೆ. ಸುತ್ತಲ ಗದ್ದಲ ಹೆಚ್ಚಿದಾಗ ಮನುಷ್ಯರು ತಮಗರಿವಿಲ್ಲದೆಯೇ ದನಿ ಏರಿಸುತ್ತಾರೆಂಬುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ. ಹಕ್ಕಿಗಳಲ್ಲೂ ಈ ವರ್ತನೆ ಕಂಡುಬಂದಿದೆ.

ದೂರ

ಬಯಲಿನಲ್ಲಿ ಒಂದು ಬಿಂದುವಿನಿಂದ ಹೊರಟ ಸದ್ದು ಎಲ್ಲ ದಿಕ್ಕಿಗೂ ಗೋಳಾಕಾರವಾಗಿ ಹರಡುತ್ತದೆ. ದೂರ ಇಮ್ಮಡಿಯಾದಾಗ ಗೋಳದ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಅದೇ ಶಕ್ತಿ ನಾಲ್ಕರಷ್ಟು ಜಾಗಕ್ಕೆ ಹಂಚಿಹೋಗುತ್ತದೆ. ಆದ್ದರಿಂದ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 60 ಡೆಸಿಬೆಲ್ ಇದ್ದ ಮಾತು ಎರಡು ಮೀಟರಿನಲ್ಲಿ 54, ನಾಲ್ಕು ಮೀಟರಿನಲ್ಲಿ 48 ಆಗುತ್ತದೆ. ಹೆದ್ದಾರಿಯಂಥ ಉದ್ದನೆಯ ಮೂಲದಿಂದ ಸದ್ದು ಉರುಳೆಯಾಕಾರದಲ್ಲಿ ಹರಡುವುದರಿಂದ ಇಳಿಕೆ 3 ಡೆಸಿಬೆಲ್ ಮಾತ್ರ. ಹೆದ್ದಾರಿಯಿಂದ ಹಿಂದೆ ಸರಿದು ಮನೆ ಕಟ್ಟಿದರೂ ಗದ್ದಲ ಬೆನ್ನುಬಿಡದಿರುವುದು ಇದರಿಂದಲೇ.

ಮೂಲ ಅತ್ಯಂತ ಬಲವಾಗಿದ್ದರೆ ಸದ್ದು ಸಾವಿರಾರು ಕಿಲೋಮೀಟರ್ ಸಾಗಬಲ್ಲದು. 1883ರ ಆಗಸ್ಟ್ 27ರಂದು ಇಂಡೊನೇಷ್ಯದ ಕ್ರಾಕಟೋವ ಜ್ವಾಲಾಮುಖಿ ಸಿಡಿದಾಗ ಸುಮಾರು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ, ನಾಲ್ಕು ಗಂಟೆಗಳ ಬಳಿಕ, ಅದು ಫಿರಂಗಿಯ ಸದ್ದಿನಂತೆ ಕೇಳಿಸಿತು. ಅದರ ಒತ್ತಡದ ಅಲೆ ಭೂಮಿಯನ್ನು ಹಲವು ಬಾರಿ ಸುತ್ತಿದ್ದು ಲೋಕದ ಹಲವೆಡೆಯ ವಾಯುಭಾರಮಾಪಕಗಳಲ್ಲಿ ದಾಖಲಾಯಿತು. ಗಾಳಿಯಲ್ಲಿ ಸದ್ದಿಗೆ ಒಂದು ಮೇಲ್ಮಿತಿಯೂ ಉಂಟು. ಸುಮಾರು 190 ಡೆಸಿಬೆಲ್ ದಾಟಿದ ಮೇಲೆ ತರಂಗದ ವಿರಳ ಭಾಗದಲ್ಲಿ ಒತ್ತಡ ಸೊನ್ನೆಯ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಯಲು ಸಾಧ್ಯವಿಲ್ಲ. ಆಮೇಲಿನದು ಸಾಮಾನ್ಯ ಶಬ್ದತರಂಗವಲ್ಲ, ಆಘಾತತರಂಗ.

ಗಾಳಿ, ಉಷ್ಣತೆ ಮತ್ತು ಅಡೆತಡೆಗಳು

ಹಾದಿಯಲ್ಲಿ ಗಾಳಿ ತಾನೇ ಒಂದಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹೆಚ್ಚಿನ ಆವೃತ್ತಿಗಳು ಬೇಗ ಸವೆಯುತ್ತವೆ, ತಗ್ಗಿನವು ದೂರ ಬಾಳುತ್ತವೆ. ಹತ್ತಿರದ ಸಿಡಿಲು ಚಟೀರೆಂದು ಸೀಳಿದರೆ ದೂರದ ಗುಡುಗು ಗುಡುಗುಡು ಎಂದಷ್ಟೇ ಕೇಳುವುದಕ್ಕೆ ಇದೂ ಒಂದು ಕಾರಣ.

ಬಿಸಿ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಏರುತ್ತದೆ. ಹಗಲು ನೆಲ ಕಾದು, ನೆಲದ ಪಕ್ಕದ ಗಾಳಿ ಮೇಲಿನದಕ್ಕಿಂತ ಬಿಸಿಯಾಗಿರುತ್ತದೆ. ಆಗ ತರಂಗದ ಕೆಳಭಾಗ ಮುಂದೆ ಓಡಿ ಸದ್ದು ಮೇಲಕ್ಕೆ ಬಾಗುತ್ತದೆ, ದೂರದಲ್ಲಿ ನಿಂತವರ ತಲೆಯ ಮೇಲೆ ಹಾದುಹೋಗುತ್ತದೆ. ಇಳಿರಾತ್ರಿಯಲ್ಲಿ ನೆಲ ತಣ್ಣಗಾದಾಗ ಪರಿಸ್ಥಿತಿ ತಲೆಕೆಳಗಾಗಿ ಸದ್ದು ನೆಲದ ಕಡೆಗೆ ಬಾಗುತ್ತದೆ. ಹಗಲು ಕೇಳದ ರೈಲಿನ ಕೂಗು, ದೂರದ ಊರಿನ ಯಕ್ಷಗಾನದ ಚಂಡೆ ರಾತ್ರಿ ಸ್ಪಷ್ಟವಾಗಿ ಕೇಳಿಸುವುದಕ್ಕೆ ಸುತ್ತಲ ನಿಶ್ಶಬ್ದದ ಜೊತೆಗೆ ಈ ಬಾಗುವಿಕೆಯೂ ಕಾರಣ. ಗಾಳಿ ಬೀಸುವ ದಿಕ್ಕಿನಲ್ಲೂ ಹೀಗೆಯೇ. ಮೇಲೆ ಹೋದಂತೆ ಗಾಳಿಯ ವೇಗ ಹೆಚ್ಚುವುದರಿಂದ ಗಾಳಿಯ ದಿಕ್ಕಿನಲ್ಲಿ ಸಾಗುವ ಸದ್ದು ಕೆಳಕ್ಕೂ ಎದುರುಗಾಳಿಯಲ್ಲಿ ಸಾಗುವ ಸದ್ದು ಮೇಲಕ್ಕೂ ಬಾಗುತ್ತದೆ.

ಗಾಳಿಯಿಂದ ನೀರಿಗೆ ಹೋಗುವ ಸದ್ದಿನಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಶಕ್ತಿ ಮಾತ್ರ ಒಳಸೇರುತ್ತದೆ. ಉಳಿದದ್ದು ಮೇಲ್ಮೈಯಿಂದ ಹಿಂತಿರುಗುತ್ತದೆ. ಕೆರೆಯಲ್ಲಿ ಮುಳುಗು ಹಾಕಿದವರಿಗೆ ದಡದ ಮಾತು ಕೇಳದಿರುವುದು ಇದೇ ಕಾರಣಕ್ಕೆ.

ಕಟ್ಟಡದೊಳಗೆ

ನಾಲ್ಕು ಗೋಡೆಗಳ ನಡುವೆ ದೂರದ ನಿಯಮ ಪೂರ್ತಿಯಾಗಿ ನಡೆಯುವುದಿಲ್ಲ. ಗೋಡೆ, ನೆಲ, ಚಾವಣಿಗಳಿಂದ ತಿರುಗಿ ಬಂದ ಸದ್ದು ನೇರ ಸದ್ದಿಗೆ ಸೇರುತ್ತದೆ. ಹಾಗಾಗಿ ಒಂದೇ ದನಿ ಬಯಲಿಗಿಂತ ಕೋಣೆಯಲ್ಲಿ ಗಟ್ಟಿಯಾಗಿ ಕೇಳುತ್ತದೆ. ಸ್ನಾನದ ಮನೆಯಲ್ಲಿ ಹಾಡು ಮೈದುಂಬುವುದು ಅಲ್ಲಿನ ನುಣುಪು ಗೋಡೆಗಳಿಂದ. ಬಟ್ಟೆ, ಹತ್ತಿ, ಕಾರ್ಪೆಟ್, ಕುಳಿತ ಜನರ ಮೈ ಇವೆಲ್ಲ ಸದ್ದನ್ನು ಹೀರುತ್ತವೆ. ಅವುಗಳ ಎಳೆಗಳ ನಡುವಿನ ಕಿರುಸಂದುಗಳಲ್ಲಿ ಗಾಳಿ ತಿಕ್ಕಾಡಿ ಶಬ್ದಶಕ್ತಿ ಅತ್ಯಲ್ಪ ಶಾಖವಾಗಿ ಮಾರ್ಪಡುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸೇಬಿನ್ 1895ರಿಂದ ಇದನ್ನು ಕ್ರಮವಾಗಿ ಅಳೆದ. ಮಾತು ಅರ್ಥವಾಗದಷ್ಟು ಮಾರ್ದನಿಗೊಡುತ್ತಿದ್ದ ಉಪನ್ಯಾಸ ಕೊಠಡಿಯೊಂದಕ್ಕೆ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಪ್ರತಿ ಸಲವೂ ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಗುರುತಿಸಿಕೊಂಡ. ಸದ್ದು 60 ಡೆಸಿಬೆಲ್ ಇಳಿಯಲು ತಗಲುವ ಅವಧಿಯನ್ನು ಇಂದು ಅನುರಣನ ಕಾಲ ಎನ್ನುತ್ತಾರೆ. ಅದು ಕೋಣೆಯ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ಹೀರುವ ಮೇಲ್ಮೈ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಈ ಸೂತ್ರವನ್ನು ಅನುಸರಿಸಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಬಾಗಿದ ಗೋಡೆಗಳು ಸದ್ದನ್ನು ಚದುರಲು ಬಿಡದೆ ಒಟ್ಟುಗೂಡಿಸುತ್ತವೆ. ವಿಜಯಪುರದಲ್ಲಿ 1656ರಲ್ಲಿ ಮುಗಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಬಯಲಿನಲ್ಲಿ ಪಿಸುಮಾತು ಅಷ್ಟು ದೂರ ಸಾಗುವಷ್ಟರಲ್ಲಿ 30 ಡೆಸಿಬೆಲ್‌ಗೂ ಹೆಚ್ಚು ಇಳಿದು ಕೇಳದಾಗುತ್ತದೆ. ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಮುಖವಿಟ್ಟು ಉಸುರಿದ್ದು ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ, ಚಪ್ಪಾಳೆ ಹಲವು ಬಾರಿ ಮಾರ್ದನಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಇಂಥದೇ ಮೊಗಸಾಲೆಯನ್ನು ಪರಿಶೀಲಿಸಿ ಲಾರ್ಡ್ ರ‍್ಯಾಲೆ ವಿವರಣೆ ಕೊಟ್ಟ: ಸದ್ದು ಬಾಗಿದ ಗೋಡೆಗೆ ಅಂಟಿಕೊಂಡಂತೆ ತೆಳುವಾದ ಪಟ್ಟಿಯಲ್ಲಿ ಸುತ್ತಿಬರುತ್ತದೆ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಸಿ. ವಿ. ರಾಮನ್ 1920ರ ದಶಕದ ಆರಂಭದಲ್ಲಿ ಇಂಥ ಮೊಗಸಾಲೆಗಳ ಮೇಲೆ ಪ್ರಯೋಗಗಳನ್ನು ನಡೆಸಿದರು.

ಕಿವಿಯ ಪಾತ್ರ

ಹೊರಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದರ ಅನುನಾದ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ಬಲಪಡಿಸುತ್ತದೆ. ಮನುಷ್ಯನ ಕಿವಿ 2,000ದಿಂದ 5,000 ಹರ್ಟ್ಸ್ ನಡುವೆ ಅತ್ಯಂತ ಚುರುಕಾಗಿರುವುದಕ್ಕೆ ಇದು ಮುಖ್ಯ ಕಾರಣ. ಮಗುವಿನ ಅಳು, ಸೀಟಿ, ಅಲಾರಂ ಇವುಗಳ ಶಕ್ತಿಯ ದೊಡ್ಡ ಪಾಲು ಈ ವಲಯದಲ್ಲಿಯೇ ಬೀಳುತ್ತದೆ.

ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಪುಟ್ಟ ಎಲುಬುಗಳು ಕಿವಿತಮಟೆಯ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತವೆ. ತಮಟೆಯ ವಿಸ್ತೀರ್ಣ ಒಳಗಿವಿಯ ಬಾಯಿಯಲ್ಲಿರುವ ಪೊರೆಗಿಂತ ಸುಮಾರು 17 ಪಟ್ಟು ಹೆಚ್ಚು. ಎಲುಬುಗಳ ಸನ್ನೆಯೂ ಸೇರಿ ಒತ್ತಡ 20 ಪಟ್ಟಿಗೂ ಹೆಚ್ಚಾಗುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಒಳಗಿವಿಯ ದ್ರವದ ಮೇಲ್ಮೈಯಲ್ಲಿ, ಕೆರೆಯ ಮೇಲ್ಮೈಯಲ್ಲಿ ಆಗುವಂತೆಯೇ, ಹೆಚ್ಚಿನ ಸದ್ದು ಹಿಂತಿರುಗುತ್ತಿತ್ತು. ಜೋರಾದ ಸದ್ದು ಬಿದ್ದಾಗ ರಿಕಾಪಿನೆಲುಬಿಗೆ ಅಂಟಿದ ಸ್ನಾಯು ಬಿಗಿದುಕೊಂಡು ಕಂಪನವನ್ನು ತಗ್ಗಿಸುತ್ತದೆ. ಬಿಗಿಯಲು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ಹಿಡಿಯುವುದರಿಂದ ಪಟಾಕಿ, ಬಂದೂಕುಗಳ ಹಠಾತ್ ಸದ್ದಿಗೆ ಈ ರಕ್ಷಣೆ ಸಿಗುವುದಿಲ್ಲ.

ಶಂಖದಂತೆ ಸುರುಳಿ ಸುತ್ತಿದ ಕಾಕ್ಲಿಯದಲ್ಲಿ ಎರಡು ಬಗೆಯ ರೋಮಕೋಶಗಳಿವೆ. ಸುಮಾರು 3,500 ಒಳಸಾಲಿನ ಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಸುಮಾರು 12,000 ಹೊರಸಾಲಿನ ಕೋಶಗಳು ತಾವೇ ಉದ್ದ ಗಿಡ್ಡವಾಗುತ್ತ ಮೆಲ್ಲನೆಯ ಸದ್ದುಗಳ ಕಂಪನವನ್ನು ಹೆಚ್ಚಿಸುತ್ತವೆ. ಜೋರಾದ ಸದ್ದಿಗೆ ಅವು ಅಂಥ ನೆರವು ಕೊಡುವುದಿಲ್ಲ. ಶಕ್ತಿಯ ಅಗಾಧ ಹರವು ಅನುಭವದಲ್ಲಿ ಅಡಕವಾಗುವುದು ಮುಖ್ಯವಾಗಿ ಇಲ್ಲಿ.

ಅನುಭವದ ಅಳತೆ

ಆವೃತ್ತಿ ಬೇರೆಯಾದರೆ ಒಂದೇ ಡೆಸಿಬೆಲ್‌ನ ಸದ್ದುಗಳೂ ಬೇರೆ ಬೇರೆ ಗಟ್ಟಿಯಾಗಿ ಕೇಳುತ್ತವೆ. ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಕೇಳುಗರ ಮೇಲೆ ಪ್ರಯೋಗ ನಡೆಸಿ ಸಮಗಟ್ಟಿತನದ ರೇಖೆಗಳನ್ನು ಪ್ರಕಟಿಸಿದರು. 1,000 ಹರ್ಟ್ಸ್‌ನಲ್ಲಿ 40 ಡೆಸಿಬೆಲ್ ಇರುವ ಸ್ವರದಷ್ಟೇ ಗಟ್ಟಿಯಾಗಿ 100 ಹರ್ಟ್ಸ್‌ನ ಸ್ವರ ಕೇಳಬೇಕಾದರೆ, ಇಂದಿನ ಅಂತಾರಾಷ್ಟ್ರೀಯ ಮಾನಕದ ಪ್ರಕಾರ, ಅದು 60 ಡೆಸಿಬೆಲ್‌ಗೂ ಮೇಲಿರಬೇಕು. ಸದ್ದು ತಗ್ಗಿದಂತೆ ತಗ್ಗು ಸ್ವರಗಳು ಬೇಗ ಮರೆಯಾಗುತ್ತವೆ. ರೇಡಿಯೊದ ಸದ್ದನ್ನು ಬಹಳ ಇಳಿಸಿದಾಗ ಮೃದಂಗದ ಎಡಭಾಗದ ಗುಂಕಾರ ಕಾಣೆಯಾಗಿ ಬಲಭಾಗದ ಚಾಪು ಉಳಿಯುವುದು ಹೀಗಾಗಿ.

ಈ ರೇಖೆಗಳ ಆಧಾರದ ಮಾನಕ್ಕೆ ಫೋನ್ ಎಂದು ಹೆಸರು. 1,000 ಹರ್ಟ್ಸ್‌ನಲ್ಲಿ ಫೋನ್ ಮತ್ತು ಡೆಸಿಬೆಲ್ ಒಂದೇ. ಹಾರ್ವರ್ಡಿನ ಎಸ್. ಎಸ್. ಸ್ಟೀವನ್ಸ್ 1936ರಲ್ಲಿ ಸೋನ್ ಎಂಬ ಮಾನವನ್ನು ಮುಂದಿಟ್ಟ. 40 ಫೋನ್‌ಗೆ ಒಂದು ಸೋನ್. ಪ್ರತಿ 10 ಫೋನ್ ಏರಿಕೆಗೆ ಸೋನ್ ಇಮ್ಮಡಿಯಾಗುತ್ತದೆ. ಎರಡು ಸೋನ್‌ನ ಸದ್ದು ಒಂದು ಸೋನ್‌ನ ಎರಡರಷ್ಟು ಗಟ್ಟಿ ಎನಿಸುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ಕಿವಿ ಗುರುತಿಸಬಲ್ಲ ಅತಿ ಕಿರಿದಾದ ವ್ಯತ್ಯಾಸ ಸುಮಾರು 1 ಡೆಸಿಬೆಲ್.

ಗಟ್ಟಿತನವನ್ನು ಬದಲಿಸುವ ಇತರ ಅಂಶಗಳೂ ಇವೆ. ಸೆಕೆಂಡಿನ ಐದರಲ್ಲೊಂದು ಪಾಲಿಗಿಂತ ಕಿರಿದಾದ ಸದ್ದು ಅಷ್ಟೇ ತೀವ್ರತೆಯ ದೀರ್ಘ ಸದ್ದಿಗಿಂತ ಮೆಲ್ಲಗೆ ಕೇಳುತ್ತದೆ. ಹಿನ್ನೆಲೆಯ ಗದ್ದಲ ಮೆಲ್ಲನೆಯ ಸದ್ದನ್ನು ಮುಚ್ಚಿಹಾಕುತ್ತದೆ. ಶಕ್ತಿ ಹಲವು ಆವೃತ್ತಿಗಳಿಗೆ ಹರಡಿದ್ದರೆ ಒಂದೇ ಆವೃತ್ತಿಯಲ್ಲಿ ಕೇಂದ್ರೀಕರಿಸಿದ್ದಕ್ಕಿಂತ ಗಟ್ಟಿಯಾಗಿ ತೋರುತ್ತದೆ. ಟಿವಿಯಲ್ಲಿ ಜಾಹೀರಾತು ಬಂದೊಡನೆ ಸದ್ದು ಏರಿದಂತೆ ಅನಿಸುವುದಕ್ಕೆ ಕಾರಣ ಬೇರೆ. ಜಾಹೀರಾತುಗಳಲ್ಲಿ ಮೆಲ್ಲನೆಯ ಭಾಗಗಳನ್ನು ಎತ್ತಿ ಏರಿಳಿತವನ್ನು ಕಿರಿದುಗೊಳಿಸಿರುತ್ತಾರೆ. ಗರಿಷ್ಠ ಮಟ್ಟ ಅದೇ ಇದ್ದರೂ ಸರಾಸರಿ ಮಟ್ಟ ಮೇಲೇರುತ್ತದೆ. ಅಮೆರಿಕದಲ್ಲಿ 2010ರಲ್ಲಿ ಇದನ್ನು ತಡೆಯಲೆಂದೇ ಕಾನೂನು ಮಾಡಲಾಯಿತು.

ಹೆಚ್ಚಿಸುವ ಮತ್ತು ತಗ್ಗಿಸುವ ಸಾಧನಗಳು

ಕಹಳೆ, ಕೊಂಬು, ನಾಗಸ್ವರಗಳ ಅಗಲ ಬಾಯಿ ಕಿರಿದಾದ ಕೊಳವೆಯ ಗಾಳಿಗೂ ಹೊರಗಿನ ಬಯಲಿಗೂ ಹೊಂದಾಣಿಕೆ ಮಾಡಿಕೊಟ್ಟು, ಶಕ್ತಿ ಒಳಕ್ಕೆ ಹಿಂತಿರುಗದಂತೆ ನೋಡಿಕೊಳ್ಳುತ್ತದೆ. ವಿದ್ಯುತ್ ವರ್ಧಕಗಳಿಲ್ಲದ ಕಾಲದ ಗ್ರಾಮೊಫೋನಿಗೆ ದೊಡ್ಡ ಕಹಳೆ ಬೇಕಾದದ್ದು ಇದಕ್ಕೇ. ಮೈಕು ಸದ್ದನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ, ವರ್ಧಕ ಹೊರಗಿನ ವಿದ್ಯುತ್ತಿನಿಂದ ಅದಕ್ಕೆ ಶಕ್ತಿ ತುಂಬುತ್ತದೆ, ಧ್ವನಿವರ್ಧಕ ಅದನ್ನು ಮತ್ತೆ ಕಂಪನವಾಗಿಸುತ್ತದೆ. 10 ವ್ಯಾಟಿನ ಬದಲು 20 ವ್ಯಾಟ್ ಕೊಟ್ಟರೆ 3 ಡೆಸಿಬೆಲ್ ಏರಿಕೆ. ಗಟ್ಟಿತನ ಇಮ್ಮಡಿಯಾಗಲು 100 ವ್ಯಾಟ್ ಬೇಕು.

ಸದ್ದನ್ನು ತಗ್ಗಿಸಲು ಮೂಲವನ್ನೇ ಸರಿಪಡಿಸುವುದು ಉತ್ತಮ ದಾರಿ: ಸಡಿಲ ಭಾಗಗಳನ್ನು ಬಿಗಿಯುವುದು, ಯಂತ್ರದ ಕೆಳಗೆ ರಬ್ಬರ್ ಹಾಸುವುದು, ವಾಹನಕ್ಕೆ ಸೈಲೆನ್ಸರ್ ಜೋಡಿಸುವುದು. ಎರಡನೆಯದು ಹಾದಿಯನ್ನು ತಡೆಯುವುದು. ಗೋಡೆಯ ತೂಕ ಇಮ್ಮಡಿಯಾದಂತೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಸಂದುಗಳು ಈ ಲಾಭವನ್ನೆಲ್ಲ ಹಾಳುಮಾಡುತ್ತವೆ. 50 ಡೆಸಿಬೆಲ್ ತಡೆಯಬಲ್ಲ ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಒಟ್ಟು ತಡೆ 20 ಡೆಸಿಬೆಲ್‌ಗೆ ಕುಸಿಯುತ್ತದೆ. ಮೆತ್ತೆ, ಪರದೆಗಳು ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತವೆಯೇ ಹೊರತು ಪಕ್ಕದ ಮನೆಯ ಸದ್ದನ್ನು ತಡೆಯಲಾರವು. ಅದಕ್ಕೆ ಭಾರ ಬೇಕು. ಮೂರನೆಯ ವಿಧಾನ ಸದ್ದಿನಿಂದಲೇ ಸದ್ದನ್ನು ಅಳಿಸುವುದು. ಬರುವ ತರಂಗದ ದಟ್ಟ ಭಾಗಕ್ಕೆ ವಿರಳ ಭಾಗ ಹೊಂದುವಂತೆ ಎದುರು ತರಂಗವನ್ನು ಹೊರಡಿಸಿದರೆ ಎರಡೂ ಶಮನವಾಗುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಇದಕ್ಕೆ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಇಂದಿನ ಹೆಡ್‌ಫೋನುಗಳು ವಿಮಾನದ ಎಂಜಿನ್ನಿನಂಥ ತಗ್ಗು, ಏಕರೂಪದ ಸದ್ದನ್ನು ಈ ತತ್ತ್ವದಿಂದ ತಗ್ಗಿಸುತ್ತವೆ.

ಶ್ರವಣಹಾನಿ ಮತ್ತು ಮಿತಿಗಳು

ಕಿವಿಗೆ ಆಗುವ ಹಾನಿ ಗಟ್ಟಿತನದ ಅನುಭವವನ್ನಲ್ಲ, ಒಳಸೇರಿದ ಶಕ್ತಿಯನ್ನು ಮತ್ತು ಅವಧಿಯನ್ನು ಅನುಸರಿಸುತ್ತದೆ. ಎರಡರಷ್ಟು ಗಟ್ಟಿ ಎಂದು ತೋರುವ ಸದ್ದು ರೋಮಕೋಶಗಳ ಮೇಲೆ ಹತ್ತರಷ್ಟು ಶಕ್ತಿಯನ್ನು ಸುರಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗಬೇಕು. ಆ ಲೆಕ್ಕದಲ್ಲಿ 88ಕ್ಕೆ 4 ಗಂಟೆ, 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ. ಗದ್ದಲದ ಸಮಾರಂಭದಿಂದ ಹೊರಬಂದಾಗ ಕಿವಿ ಮಂಕಾಗಿ ಗುಂಯ್‌ಗುಡುವುದು ಕೋಶಗಳು ದಣಿದಿರುವುದರ ಸೂಚನೆ. ವಿಶ್ರಾಂತಿಯಿಂದ ಕೆಲವು ಚೇತರಿಸಿಕೊಳ್ಳುತ್ತವೆ. ಸತ್ತ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಹೊರಸಾಲಿನ ಕೋಶಗಳನ್ನು ಕಳೆದುಕೊಂಡ ಕಿವಿಗೆ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಜೋರಾದದ್ದು ಮಾತ್ರ ಎಂದಿನಷ್ಟೇ ಜೋರಾಗಿ ಕೇಳುತ್ತದೆ. ಹಿರಿಯರು ಸಾಮಾನ್ಯ ದನಿಯ ಮಾತು ಕೇಳಿಸಲಿಲ್ಲವೆಂದು ಹೇಳಿ, ದನಿ ಏರಿಸಿದೊಡನೆ ಕಿರುಚಬೇಡಿ ಎಂದು ಸಿಡುಕುವುದು ಹಠದಿಂದಲ್ಲ; ಅವರ ಕಿವಿಯಲ್ಲಿ ಕೇಳುವ ಮಿತಿಗೂ ಸಹಿಸುವ ಮಿತಿಗೂ ನಡುವಿನ ಅಂತರ ನಿಜವಾಗಿಯೂ ಕಿರಿದಾಗಿರುತ್ತದೆ. ಉತ್ತಮ ಶ್ರವಣಸಾಧನಗಳು ಮೆಲ್ಲನೆಯ ಸದ್ದನ್ನು ಹೆಚ್ಚಾಗಿಯೂ ಜೋರಾದದ್ದನ್ನು ಕಡಿಮೆಯಾಗಿಯೂ ವರ್ಧಿಸುವಂತೆ ರೂಪಿಸಲ್ಪಟ್ಟಿವೆ. ಅಂಥವರೊಡನೆ ಮಾತಾಡುವಾಗ ಕೂಗುವುದಕ್ಕಿಂತ ಹತ್ತಿರ ಹೋಗಿ, ಹಿನ್ನೆಲೆಯ ಸದ್ದನ್ನು ಆರಿಸಿ, ನಿಧಾನವಾಗಿ ಮಾತಾಡುವುದು ಹೆಚ್ಚು ಫಲ ಕೊಡುತ್ತದೆ.

ಭಾರತದಲ್ಲಿ 2000ದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ನಿಗದಿಪಡಿಸಿವೆ. ವಾಣಿಜ್ಯ ಪ್ರದೇಶಗಳಲ್ಲಿ ಇದು 65 ಮತ್ತು 55, ಕೈಗಾರಿಕಾ ಪ್ರದೇಶಗಳಲ್ಲಿ 75 ಮತ್ತು 70. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನವರೆಗಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಇಲ್ಲಿ ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಅಳತೆಗೆ ಬಳಸುವುದು ಎ-ತೂಕದ ಡೆಸಿಬೆಲ್. ಕಿವಿಗೆ ಅಷ್ಟಾಗಿ ಕೇಳದ ತಗ್ಗು ಆವೃತ್ತಿಗಳಿಗೆ ಅದರಲ್ಲಿ ಕಡಿಮೆ ಬೆಲೆ. ವಸತಿ ಪ್ರದೇಶದ ರಾತ್ರಿಯ ಮಿತಿಗೂ 85 ಡೆಸಿಬೆಲ್‌ಗೂ ನಡುವಿನ 40 ಡೆಸಿಬೆಲ್ ಅಂತರ ಕೇಳುವಾಗ 16 ಪಟ್ಟು ಎನಿಸಿದರೂ ಶಕ್ತಿಯಲ್ಲಿ ಅದು 10,000 ಪಟ್ಟು. ಕಿವಿ ಇಷ್ಟು ವ್ಯತ್ಯಾಸವನ್ನು ಅಡಕಮಾಡಿ ತೋರಿಸುವುದರಿಂದಲೇ ಅಪಾಯದ ಮಟ್ಟವನ್ನು ಕೇವಲ ಕೇಳಿ ಅಂದಾಜಿಸುವುದು ಸುರಕ್ಷಿತವಲ್ಲ. ಕಾರ್ಖಾನೆ, ರಸ್ತೆ, ಸಮಾರಂಭಗಳಲ್ಲಿ ಸದ್ದನ್ನು ಮಾಪಕದಿಂದ ಅಳೆದು, ಅವಧಿಯನ್ನೂ ಲೆಕ್ಕಹಾಕಿಯೇ ಮಿತಿಯನ್ನು ತೀರ್ಮಾನಿಸಬೇಕಾಗುತ್ತದೆ.